ಹೊರೆ ಇಳಿದರೆ ಖರ್ಚೂ ಇಳಿಯುತ್ತದೆ: ಬೆನ್ನುಚೀಲ ಕೊಳ್ಳುವವರಿಗೆ 12 ಸೂತ್ರಗಳು

ನಸುಕಿನಲ್ಲಿ ಹಾವೇರಿ ಬಸ್ ನಿಲ್ದಾಣಕ್ಕೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಬಂದವರು ಬಸ್ಸಿನ ಮೆಟ್ಟಿಲ ಹತ್ತಿರ ಒದ್ದಾಡುತ್ತಿರುತ್ತಾರೆ. ಎರಡು ಕೈಗೆ ಎರಡು ಚೀಲ ಹಿಡಿದವರಿಗೆ ಟಿಕೆಟ್ ದುಡ್ಡು ತೆಗೆಯಲೂ ಕೈ ಬಿಡುವಿರುವುದಿಲ್ಲ. ಬೆನ್ನಿಗೆ ಒಂದೇ ಚೀಲ ಹಾಕಿಕೊಂಡು ಬಂದ ಹುಡುಗಿ ಅಷ್ಟರಲ್ಲಿ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತಾಗಿರುತ್ತದೆ.

ಕಡಿಮೆ ದುಡ್ಡಿನಲ್ಲಿ ಊರು ಸುತ್ತುವವರಿಗೆ ಚೀಲವೇ ಮೊದಲ ಬಂಡವಾಳ. ಬೆನ್ನ ಮೇಲೆ ಹೆಚ್ಚಾದ ಪ್ರತಿ ಕಿಲೋ ದಾರಿಯಲ್ಲಿ ಎಲ್ಲೋ ಒಂದು ಕಡೆ ದುಡ್ಡು ಕೇಳಿಯೇ ಕೇಳುತ್ತದೆ. ಒಂದು ಕಡೆ ಆಟೊ ಬಾಡಿಗೆಯಾಗಿ, ಇನ್ನೊಂದು ಕಡೆ ಕೂಲಿಯಾಗಿ, ಮತ್ತೊಂದು ಕಡೆ ನಡೆಯಲಾಗದೆ ನಿಲ್ದಾಣದ ಎದುರಿಗೇ ಹಿಡಿದ ದುಬಾರಿ ಲಾಡ್ಜಿನ ಬಾಡಿಗೆಯಾಗಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿವೆ; 48ನೇ ರಾಷ್ಟ್ರೀಯ ಹೆದ್ದಾರಿಯೂ ಜಿಲ್ಲೆಯನ್ನು ಹಾದು ಹೋಗುತ್ತದೆ. ಹೊರಡುವ ಅನುಕೂಲ ನಮಗೆ ಬೇಕಾದಷ್ಟಿದೆ. ಅದನ್ನು ಬಳಸಿಕೊಳ್ಳಲು ಬೇಕಾದ ಚೀಲವನ್ನು ಆರಿಸುವುದು ಹೇಗೆ? ಇಲ್ಲಿವೆ ಹನ್ನೆರಡು ಸೂತ್ರಗಳು.

1. ಮೊದಲು ಹೊರೆ, ಆಮೇಲೆ ಚೀಲ

ಹೆಚ್ಚಿನವರು ಮೊದಲು ಚೀಲ ಕೊಳ್ಳುತ್ತಾರೆ, ಆಮೇಲೆ ಅದನ್ನು ತುಂಬುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಮೂರು ದಿನದ ಪ್ರವಾಸಕ್ಕೆ ಬೇಕಾದುದನ್ನೆಲ್ಲ ಮನೆಯ ನೆಲದ ಮೇಲೆ ಕಂಬಳಿ ಹಾಸಿ ಅದರ ಮೇಲೆ ಹರಡಿ. ಎರಡು ಜೊತೆ ಬಟ್ಟೆ, ಒಳಉಡುಪು, ಟವೆಲ್, ಹೊದೆಯಲೊಂದು ತೆಳು ಚಾದರ, ಚಪ್ಪಲಿ, ಚಾರ್ಜರ್, ಔಷಧಿ, ನೀರಿನ ಬಾಟಲಿ, ಬುತ್ತಿ ಎಲ್ಲ ಅಲ್ಲಿರಲಿ. ಈಗ ಒಂದೊಂದನ್ನೂ ಕೈಗೆತ್ತಿಕೊಂಡು, ‘ಇದಿಲ್ಲದೆ ಮೂರು ದಿನ ನಡೆಯುವುದಿಲ್ಲವೇ?’ ಎಂದು ಕೇಳಿಕೊಳ್ಳಿ. ನಡೆಯುತ್ತದೆ ಎಂದಾದರೆ ಪಕ್ಕಕ್ಕಿಡಿ. ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿ ಓಣಿಯ ಕಿರಾಣಿ ಅಂಗಡಿಯ ಕಾಟಾದಲ್ಲಿ ತೂಗಿಸಿ. ಆರೇಳು ಕಿಲೋ ಒಳಗೆ ಬಂದರೆ ನೀವು ಹೊರಡಲು ಸಿದ್ಧ. ಹತ್ತು ದಾಟಿದರೆ ಇನ್ನೊಮ್ಮೆ ಕಂಬಳಿಯ ಮೇಲೆ ಸುರುವಿ.

2. ಲೀಟರ್ ಲೆಕ್ಕವನ್ನು ಚೀಟಿಯಿಂದಲ್ಲ, ಟೇಪಿನಿಂದ ನೋಡಿ

ಚೀಲದ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ 20ರಿಂದ 25 ಲೀಟರ್ ಸಾಕು. ಮೂರು ದಿನದಿಂದ ವಾರದ ತನಕ 30ರಿಂದ 40 ಲೀಟರ್. 50, 60 ಲೀಟರಿನ ಚೀಲ ಹಿಮಾಲಯದಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗ್ ಹೊತ್ತು ನಡೆಯುವವರಿಗೆ ಸರಿ. ಬಸ್ಸು, ರೈಲು, ಛತ್ರಗಳ ಪ್ರವಾಸಕ್ಕೆ ಬೇಡ. ದೊಡ್ಡ ಚೀಲದಲ್ಲಿ ಜಾಗ ಉಳಿದಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ, ತುಂಬುತ್ತಲೇ ಹೋಗುತ್ತದೆ.

ಅಂಗಡಿಯ ಚೀಟಿಯ ಮೇಲಿನ ಅಂಕಿ ಸರಿಯೇ ಎಂದು ನೀವೇ ನೋಡಬಹುದು. ಉದ್ದ, ಅಗಲ, ದಪ್ಪಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 1,000ದಿಂದ ಭಾಗಿಸಿ. 50 ಉದ್ದ, 30 ಅಗಲ, 22 ದಪ್ಪ ಇದ್ದರೆ 33 ಲೀಟರ್. ಚೀಲದ ಮೂಲೆಗಳು ದುಂಡಗಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಇಷ್ಟೇ ಅಳತೆಯ ಚೀಲದ ಮೇಲೆ 45 ಲೀಟರ್ ಎಂದು ಬರೆದಿದ್ದರೆ ಮುಂದಿನ ಅಂಗಡಿಗೆ ಹೋಗಿ.

3. ನಿಮ್ಮ ಎತ್ತರ ಬಿಡಿ, ಬೆನ್ನು ಅಳೆಯಿರಿ

ಆರಡಿ ಎತ್ತರದವನ ಬೆನ್ನು ಗಿಡ್ಡ ಇರಬಹುದು, ಐದಡಿಯವಳ ಬೆನ್ನು ಉದ್ದ ಇರಬಹುದು. ಅಳೆಯುವುದು ಸುಲಭ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಸೊಂಟದ ಎರಡೂ ಬದಿಯ ಎಲುಬಿನ ಮೇಲಂಚಿಗೆ ಹೆಬ್ಬೆರಳು ಬೆನ್ನಿನ ಕಡೆ ಬರುವಂತೆ ಕೈಯಿಡಿ. ಹೆಬ್ಬೆರಳುಗಳ ನಡುವಿನ ಗೆರೆಯಿಂದ ಕುತ್ತಿಗೆಯ ಆ ಎಲುಬಿನ ತನಕ ದರ್ಜಿಯ ಟೇಪು ಹಿಡಿದು ಮನೆಯವರಿಂದ ಅಳೆಸಿ. ಅದೇ ನಿಮ್ಮ ಬೆನ್ನಿನ ಅಳತೆ. ಚೀಲದ ಭುಜಪಟ್ಟಿ ಹೊಲಿದ ಜಾಗದಿಂದ ಸೊಂಟಪಟ್ಟಿಯ ನಡುವಿನ ತನಕದ ಅಂತರ ಇದಕ್ಕೆ ಹತ್ತಿರವಾಗಿರಬೇಕು. ಹೆಣ್ಣುಮಕ್ಕಳಿಗೆ, ಕಾಲೇಜಿಗೆ ಈಗಷ್ಟೇ ಕಾಲಿಟ್ಟವರಿಗೆ ಬೆನ್ನಿನ ಉದ್ದ ಹೊಂದಿಸಿಕೊಳ್ಳಬಹುದಾದ ಚೀಲ ಸಿಕ್ಕರೆ ಅದನ್ನೇ ಆರಿಸಿ.

4. ಭಾರ ಸೊಂಟಕ್ಕಿಳಿಯಲಿ

ಹಿಂದೆ ನಮ್ಮ ಕಡೆ ಸಂತೆಗೆ, ಜಾತ್ರೆಗೆ ಹೊರಟವರ ಹೆಗಲಲ್ಲಿ ಹಸಿಬಿ ಚೀಲ ಇರುತ್ತಿತ್ತು. ನಡುವೆ ಬಾಯಿ, ಎರಡು ತುದಿಗೆ ಎರಡು ಚೀಲ. ಅರ್ಧ ಭಾರ ಎದೆಯ ಕಡೆ, ಅರ್ಧ ಬೆನ್ನಿನ ಕಡೆ. ಮೈಯನ್ನು ಯಾವ ಕಡೆಗೂ ಜಗ್ಗದ ಹಾಗೆ ಭಾರ ಹಂಚುವ ಬುದ್ಧಿ ಆ ಹೊಲಿಗೆಯಲ್ಲಿತ್ತು. ಇಂದಿನ ಬೆನ್ನುಚೀಲದಲ್ಲಿ ಆ ಕೆಲಸ ಮಾಡುವುದು ಸೊಂಟಪಟ್ಟಿ.

ಭುಜದ ಸ್ನಾಯುಗಳು ಬೇಗ ದಣಿಯುತ್ತವೆ. ಸೊಂಟದ ಎಲುಬು, ತೊಡೆಯ ದೊಡ್ಡ ಸ್ನಾಯುಗಳು ಹೊರಲೆಂದೇ ಇವೆ. ಮೆತ್ತೆಯಿರುವ ಅಗಲವಾದ ಸೊಂಟಪಟ್ಟಿಯನ್ನು ಎಲುಬಿನ ಮೇಲೆ ಕೂರಿಸಿ ಬಿಗಿದರೆ ಭಾರದ ಹೆಚ್ಚಿನ ಪಾಲು ಕಾಲಿಗೆ ಇಳಿಯುತ್ತದೆ. ಬರೀ ತೆಳ್ಳನೆಯ ಲಾಡಿಯಂಥ ಪಟ್ಟಿ ಚೀಲ ಅಲುಗಾಡದಂತೆ ಹಿಡಿಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಐದು ಕಿಲೋ ದಾಟುವ ಹೊರೆಗೆ ನಿಜವಾದ ಸೊಂಟಪಟ್ಟಿ ಬೇಕೇ ಬೇಕು.

5. ಭುಜಪಟ್ಟಿ, ಎದೆಪಟ್ಟಿ, ಬೆನ್ನಿನ ಗಾಳಿ

ಭುಜಪಟ್ಟಿಯ ಮೆತ್ತೆಯನ್ನು ಎರಡು ಬೆರಳಲ್ಲಿ ಒತ್ತಿ ಬಿಡಿ. ತಕ್ಷಣ ಮೊದಲಿನಂತಾದರೆ ಒಳ್ಳೆಯ ಫೋಮ್. ಒತ್ತಿದ ಗುರುತು ಹಾಗೇ ಉಳಿದರೆ ಆರು ತಿಂಗಳಲ್ಲಿ ಚಪ್ಪಟೆಯಾಗುವ ಸರಕು. ಎರಡು ಭುಜಪಟ್ಟಿಗಳನ್ನು ಎದೆಯ ಮೇಲೆ ಜೋಡಿಸುವ ಸಣ್ಣ ಪಟ್ಟಿ ಇರಲಿ. ಬಸ್ಸು ಹಿಡಿಯಲು ಓಡುವಾಗ ಚೀಲ ಅತ್ತಿತ್ತ ಹೊಯ್ದಾಡುವುದಿಲ್ಲ.

ಬೆನ್ನಿಗೆ ತಾಗುವ ಭಾಗದಲ್ಲಿ ಜಾಲರಿ ಬಟ್ಟೆ ಮತ್ತು ಗಾಳಿಯಾಡುವ ಕಾಲುವೆಗಳಿವೆಯೇ ನೋಡಿ. ಏಪ್ರಿಲ್ ಬಿಸಿಲಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆ ನಡೆದವರಿಗೆ ಇದರ ಬೆಲೆ ಗೊತ್ತು. 119 ಚದರ ಕಿಲೋಮೀಟರಿನ ಆ ಕುರುಚಲು ಕಾಡಿನಲ್ಲಿ ನೆರಳು ಕಡಿಮೆ. ಬೆನ್ನು ಬೆವರಿ ಅಂಗಿ ಅಂಟಿಕೊಂಡರೆ ಜಿಂಕೆಯ ಮೇಲೆ ಕಣ್ಣು ನಿಲ್ಲುವುದಿಲ್ಲ.

6. ಬಟ್ಟೆಯ ಡೆನಿಯರ್ ಕೇಳಿ

ಅಂಗಡಿಯವರು ‘ಸ್ಟ್ರಾಂಗ್ ಐತ್ರಿ’ ಎಂದರೆ ಸಾಲದು, ಡೆನಿಯರ್ ಎಷ್ಟು ಎಂದು ಕೇಳಿ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ನಮ್ಮ ಜಿಲ್ಲೆಯ ಹತ್ತಿ ವ್ಯಾಪಾರದವರಿಗೆ ನೂಲಿನ ಕೌಂಟ್ ಗೊತ್ತು. ಕೌಂಟ್ ಏರಿದಷ್ಟೂ ನೂಲು ಸಣ್ಣ. ಡೆನಿಯರ್ ಅದಕ್ಕೆ ತಿರುವು, ಏರಿದಷ್ಟೂ ಎಳೆ ದಪ್ಪ. ಮೈಭಾಗಕ್ಕೆ 300ರಿಂದ 600 ಡೆನಿಯರ್ ಪಾಲಿಯೆಸ್ಟರ್ ಅಥವಾ 210 ಡೆನಿಯರಿಗಿಂತ ಮೇಲಿನ ನೈಲಾನ್ ಇದ್ದರೆ ಸಾಮಾನ್ಯ ಪ್ರವಾಸಕ್ಕೆ ಸಾಕು. ಒಂದೇ ದಪ್ಪದ ಎಳೆಯಲ್ಲಿ ಉಜ್ಜಾಟಕ್ಕೆ ನೈಲಾನ್ ಗಟ್ಟಿ. ಬಿಸಿಲಿಗೆ ಪಾಲಿಯೆಸ್ಟರ್ ಹೆಚ್ಚು ತಾಳುತ್ತದೆ. ಚೀಲದ ತಳ ಮಾತ್ರ ಎರಡು ಪದರಿನದ್ದಾಗಿರಲಿ. ಪ್ಲಾಟ್‌ಫಾರ್ಮಿನ ನೆಲ, ದೇವಸ್ಥಾನದ ಕಲ್ಲು, ಟೆಂಪೊದ ತಗಡು ಎಲ್ಲ ಉಜ್ಜುವುದು ತಳವನ್ನೇ.

7. ಚೀಲ ಸಾಯುವುದು ಜಿಪ್ಪಿನಲ್ಲಿ, ಹೊಲಿಗೆಯಲ್ಲಿ

ಬಟ್ಟೆ ಹರಿದು ಹಾಳಾದ ಚೀಲಗಳಿಗಿಂತ ಜಿಪ್ಪು ಬಾಯ್ದೆರೆದು, ಪಟ್ಟಿ ಕಿತ್ತು ಹಾಳಾದವೇ ಹೆಚ್ಚು. ನನ್ನ ಮೊದಲ ಬೆನ್ನುಚೀಲವನ್ನು ಬಣ್ಣ ನೋಡಿ ಕೊಂಡಿದ್ದೆ. ಗಳಗನಾಥದ ನದಿ ದಂಡೆಯಲ್ಲಿ ಅದರ ಎಡ ಭುಜಪಟ್ಟಿ ಬುಡಸಮೇತ ಕಿತ್ತು ಬಂತು. ಅಂದು ಸಂಜೆ ಚೀಲವನ್ನು ಕೂಸಿನಂತೆ ತೆಕ್ಕೆಯಲ್ಲಿ ಹಿಡಿದು ಊರಿಗೆ ಬಂದೆ. ಅಂದಿನಿಂದ ನಾನು ಮೊದಲು ನೋಡುವುದು ಹೊಲಿಗೆಯನ್ನೇ.

ಭುಜಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಡೆದ ದಪ್ಪ ಹೊಲಿಗೆ ಇರಬೇಕು. ಒಳಗಿನ ಅಂಚುಗಳಿಗೆ ಪಟ್ಟಿ ಕೊಟ್ಟು ಮುಚ್ಚಿರಬೇಕು. ನೂಲು ಬಿಟ್ಟ ಅಂಚು ಕಂಡರೆ ಬೇಡ ಎನ್ನಿ. ಜಿಪ್ಪಿನ ಹಿಂಬದಿಯ ಅಂಕಿ ಅದರ ಹಲ್ಲುಗಳ ಅಗಲವನ್ನು ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಮುಖ್ಯ ಬಾಯಿಗೆ 8 ಅಥವಾ 10, ಸಣ್ಣ ಕಿಸೆಗಳಿಗೆ 5 ಸಾಕು. ಜಪಾನಿನ ವೈಕೆಕೆ ಜಿಪ್ಪು ಹಾಕಿದ ತಯಾರಕರು ಉಳಿದ ಕಡೆಯೂ ಸಾಮಾನ್ಯವಾಗಿ ಕೈ ಹಿಡಿದಿರುವುದಿಲ್ಲ. ಮೂಲೆಯಲ್ಲಿ ಜಿಪ್ಪನ್ನು ಹತ್ತು ಸಲ ಎಳೆದು ನೋಡಿ. ಒಮ್ಮೆ ತಡೆದರೂ ಬಿಡಿ.

ಪ್ರವಾಸಕ್ಕೆ ಹೊರಡುವಾಗ ದಬ್ಬಣ ಮತ್ತು ಒಂದೆರಡು ಮೊಳ ಗಟ್ಟಿ ದಾರ ಜೊತೆಗಿರಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಮುಚ್ಚುವ ಆ ದಬ್ಬಣ ನಿಮ್ಮ ಪಟ್ಟಿಯನ್ನೂ ಉಳಿಸುತ್ತದೆ.

8. ಮಳೆಗೆ ಎರಡು ಕಾವಲು

ನಮ್ಮ ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಮೂಡಣದ ರಾಣೆಬೆನ್ನೂರು ಬಯಲುಸೀಮೆ. ಪಡುವಣದ ಹಾನಗಲ್ ಮಲೆನಾಡಿನ ಅಂಚು. ಆಷಾಢದಲ್ಲಿ ಹಾನಗಲ್ಲಿನ ತಾರಕೇಶ್ವರ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಶಿರಸಿ ದಾರಿ ಹಿಡಿದರೆ ಚೀಲದ ಪರೀಕ್ಷೆ ಆಗಿಯೇ ಆಗುತ್ತದೆ.

‘ವಾಟರ್‌ಪ್ರೂಫ್’ ಎಂದು ಮಾರುವ ಹೆಚ್ಚಿನ ಚೀಲಗಳು ತುಂತುರು ತಡೆಯುತ್ತವೆ, ಸುರಿಮಳೆ ತಡೆಯುವುದಿಲ್ಲ. ಬಟ್ಟೆಗೆ ಒಳಗಿನಿಂದ ಲೇಪ ಕೊಟ್ಟಿದ್ದರೂ ಹೊಲಿಗೆಯ ತೂತುಗಳಿಂದ ನೀರು ಇಳಿಯುತ್ತದೆ. ಅದಕ್ಕೆ ಮೊದಲ ಕಾವಲು, ಚೀಲದ ಮೇಲೆ ಹಾಕುವ ಮಳೆಹೊದಿಕೆ. ಎರಡನೆಯದು, ಚೀಲದೊಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲ. ಬಟ್ಟೆಯೆಲ್ಲ ಅದರೊಳಗಿಟ್ಟು ಬಾಯಿ ತಿರುವಿ ಮಡಚಿ. ಹೊದಿಕೆಯ ಒಳಗೆ ಬೆನ್ನಿನ ಕಡೆಯಿಂದ ನೀರು ನುಗ್ಗಿದರೂ ಒಳಗಿನ ಪ್ಲಾಸ್ಟಿಕ್ ಕಾಯುತ್ತದೆ. ಕಡಿಮೆ ಖರ್ಚಿನ ಈ ಎರಡನೆಯ ಕಾವಲೇ ಹೆಚ್ಚು ನಂಬಿಕಸ್ಥ.

9. ಬಾಯಿ ಹೇಗೆ ತೆರೆಯುತ್ತದೆ? ಕಿಸೆ ಎಲ್ಲಿವೆ?

ಮೇಲಿನಿಂದ ಮಾತ್ರ ತೆರೆಯುವ ಚೀಲದಲ್ಲಿ ತಳದ ಅಂಗಿ ಬೇಕೆಂದರೆ ಎಲ್ಲವನ್ನೂ ಹೊರಗೆ ತೆಗೆಯಬೇಕು. ಊರಿಂದೂರಿಗೆ ಹೋಗಿ ಪ್ರತಿ ರಾತ್ರಿ ಬೇರೆ ಬೇರೆ ಛತ್ರದಲ್ಲಿ ಮಲಗುವವರಿಗೆ ಸೂಟ್‌ಕೇಸಿನಂತೆ ಪೂರಾ ತೆರೆದುಕೊಳ್ಳುವ ಚೀಲ ಒಳ್ಳೆಯದು.

ಕಿಸೆಗಳು ಲೆಕ್ಕದಲ್ಲಿರಲಿ. ಎರಡೂ ಬದಿಗೆ ಒಂದು ಲೀಟರ್ ಬಾಟಲಿ ಗಟ್ಟಿಯಾಗಿ ಕೂರುವ ಕಿಸೆ ಇದ್ದರೆ ದಾರಿಯುದ್ದಕ್ಕೂ ನೀರು ಕೊಳ್ಳುವ ದುಡ್ಡು ಉಳಿಯುತ್ತದೆ. ಬುತ್ತಿಗೆ ಪ್ರತ್ಯೇಕ ಜಾಗ ಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಲವು ದಿನ ಕೆಡುವುದಿಲ್ಲ; ಗಟ್ಟಿ ಡಬ್ಬಿಯಲ್ಲಿ ಹಾಕಿದರೆ ರೊಟ್ಟಿ ಪುಡಿಯಾಗುವುದೂ ಇಲ್ಲ. ಗುರುತಿನ ಚೀಟಿಗೆ ಬೆನ್ನಿನ ಕಡೆ, ಕೈ ಹಾಕಿದರೆ ಸಿಗುವ ಒಂದು ಒಳಕಿಸೆ ಇರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಉಚಿತವಾಗಿ ಓಡಾಡುತ್ತಿದ್ದಾರೆ. ಶೂನ್ಯ ಟಿಕೆಟಿಗೆ ಗುರುತಿನ ಚೀಟಿ ಬೇಕು. ತುಂಬಿದ ಬಸ್ಸಿನಲ್ಲಿ ಅದನ್ನು ಚೀಲದ ತಳದಿಂದ ಹುಡುಕುವ ಪಾಡು ಯಾರಿಗೂ ಬರಬಾರದು.

10. ಬಸ್ಸು, ರೈಲು, ವಿಮಾನ: ಮೂರಕ್ಕೂ ಹೊಂದಲಿ

ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರಲು ಬಂದರೆ ಆ ಚೀಲದ ಗಾತ್ರ ಸರಿ ಎಂದರ್ಥ. ರೈಲಿನಲ್ಲಿ ಸ್ಲೀಪರ್ ದರ್ಜೆಗೆ 40 ಕಿಲೋ, ಎರಡನೇ ದರ್ಜೆಗೆ 35 ಕಿಲೋ ತನಕ ಸಾಮಾನು ಉಚಿತ. ರೈಲು ಅಷ್ಟು ಹೊತ್ತರೂ ನಿಮ್ಮ ಬೆನ್ನು ಹೊರುವುದಿಲ್ಲ ಎಂಬುದು ನೆನಪಿರಲಿ. ಮುಖ್ಯ ಜಿಪ್ಪಿಗೆ ಎಳೆಯುವ ಎರಡು ಹಿಡಿಗಳಿದ್ದು, ಎರಡಕ್ಕೂ ಬೀಗ ತೂರುವ ತೂತಿರಬೇಕು. ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ. ರಾತ್ರಿ ಪ್ರಯಾಣದಲ್ಲಿ ಕೆಳ ಬರ್ತಿನಡಿಯ ಕೊಂಡಿಗೆ ಸರಪಳಿ ಹಾಕಲೂ ಗಟ್ಟಿ ಹಿಡಿಕೆ ಬೇಕು.

ಒಂದಲ್ಲ ಒಂದು ದಿನ ಹುಬ್ಬಳ್ಳಿಯಿಂದ ವಿಮಾನ ಹತ್ತುತ್ತೀರಿ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. 55, 35, 25 ಸೆಂಟಿಮೀಟರಿನೊಳಗಿನ ಚೀಲ ನಡೆಯುತ್ತದೆ. ಈ ಅಳತೆಯೊಳಗೆ ಕೊಂಡರೆ ಒಂದೇ ಚೀಲ ಮೂರು ವಾಹನಕ್ಕೂ ಸಾಕು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

11. ಬೆಲೆಯನ್ನು ದಿನದಿಂದ ಭಾಗಿಸಿ

700 ರೂಪಾಯಿಯ ಚೀಲ ಒಂದು ವರ್ಷ ಬಾಳಿತು, ಆ ವರ್ಷ ನೀವು 40 ದಿನ ಸುತ್ತಿದಿರಿ ಎಂದುಕೊಳ್ಳಿ. ದಿನಕ್ಕೆ ಹದಿನೇಳೂವರೆ ರೂಪಾಯಿ ಬಿತ್ತು. 2,400 ರೂಪಾಯಿಯ ಚೀಲ ಐದು ವರ್ಷ ಬಾಳಿದರೆ 200 ದಿನವಾಯಿತು, ದಿನಕ್ಕೆ 12 ರೂಪಾಯಿ. ಅಗ್ಗ ಯಾವುದು? ದುಡ್ಡನ್ನು ಸೊಂಟಪಟ್ಟಿ, ಜಿಪ್ಪು, ಹೊಲಿಗೆಗೆ ಕೊಡಿ. ಹೆಸರಿಗೆ, ಹೊಳಪಿಗೆ, ಹತ್ತಾರು ಕಿಸೆಗಳಿಗೆ ಕೊಡಬೇಡಿ. ನಮ್ಮ ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್‌ನಿಂದ ಹಿಡಿದು ಊರ ಪೇಟೆಯ ಹೆಸರಿಲ್ಲದ ಚೀಲದ ತನಕ ಎಲ್ಲದಕ್ಕೂ ಪರೀಕ್ಷೆ ಒಂದೇ ಇರಲಿ. ಖಾಲಿ ಚೀಲದ ತೂಕವನ್ನೂ ನೋಡಿ. 35 ಲೀಟರಿನದು ಒಂದರಿಂದ ಒಂದೂವರೆ ಕಿಲೋ ಒಳಗಿರಲಿ.

ಬಿಲ್ಲು ಕೇಳಿ ಪಡೆಯಿರಿ, ವಾರಂಟಿ ಚೀಟಿಯ ಮೇಲೆ ಅಂಗಡಿಯ ಮೊಹರು ಹಾಕಿಸಿ, ಎರಡರದೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ಇದ್ದೂ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವರ್ಷಕ್ಕೊಮ್ಮೆ ಮಾತ್ರ ಹೊರಡುವವರು ಗೆಳೆಯರಿಂದ ಕೇಳಿ ಪಡೆದರೂ ತಪ್ಪಿಲ್ಲ.

12. ತುಂಬಿ, ಹೊತ್ತು, ನಡೆದು ನೋಡಿ

ಖಾಲಿ ಚೀಲ ಎಲ್ಲರ ಬೆನ್ನಿಗೂ ಚೆಂದವೇ. ಅಂಗಡಿಗೆ ಹೋಗುವಾಗ ನಿಮ್ಮ ಸಾಮಾನಿನ ಗಂಟನ್ನೂ ಒಯ್ಯಿರಿ. ಚೀಲಕ್ಕೆ ತುಂಬಿ, ಹದಿನೈದು ನಿಮಿಷ ಅಲ್ಲೇ ಅಡ್ಡಾಡಿ, ಬಗ್ಗಿ, ಮೆಟ್ಟಿಲು ಹತ್ತಿ ಇಳಿಯಿರಿ.

ತುಂಬುವುದಕ್ಕೂ ಒಂದು ಕ್ರಮವಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ ಹಿರಿಯ ಹಮಾಲರೊಬ್ಬರು ನನ್ನ ಚೀಲ ಹಿಂದಕ್ಕೆ ಜೋತಾಡುವುದನ್ನು ಕಂಡು ಒಮ್ಮೆ ಹೇಳಿದ್ದರು: ‘ತಮ್ಮಾ, ಹೊರಿ ಬೆನ್ನಿಗೆ ಅಂಟಿಕೊಂಡಿರಬೇಕು. ಜೋತಾಡಿದ್ರ ಹಿಂದಕ್ಕ ಜಗ್ಗತೈತಿ.’ ಇಡೀ ವಿದ್ಯೆ ಆ ಮಾತಿನಲ್ಲಿದೆ. ಹಗುರವಾದ ಚಾದರ, ಬಟ್ಟೆ ತಳಕ್ಕೆ. ಭಾರವಾದುದು ನಡುವೆ, ಬೆನ್ನಿಗೆ ತಾಗುವಂತೆ. ಪದೇ ಪದೇ ಬೇಕಾಗುವುದು ಮೇಲಕ್ಕೆ. ಊರಿನ ನೆನಪಿಗೆ ಯಾರಿಗಾದರೂ ಬ್ಯಾಡಗಿ ಮೆಣಸಿನಕಾಯಿ ಒಯ್ಯುವುದಾದರೆ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಒಂದು ಕಾಯಿ ಮುರಿದರೂ ಕೆಂಪು ಪುಡಿ ಬಿಳಿ ಅಂಗಿಗೆ ಹತ್ತುತ್ತದೆ.

ಕೊಂಡ ವಾರದಲ್ಲೇ ಒಂದು ದಿನದ ಪರೀಕ್ಷಾ ಪ್ರವಾಸ ಮಾಡಿ. ಬೆಳಿಗ್ಗೆ ಹಾವೇರಿಯ ಪುರಸಿದ್ಧೇಶ್ವರನ ಚಾಲುಕ್ಯ ಕಾಲದ ಗುಡಿ ನೋಡಿ, ತುಂಬಿದ ಚೀಲದೊಂದಿಗೆ ಸುಮಾರು 40 ಕಿಲೋಮೀಟರ್ ದೂರದ ಗಳಗನಾಥಕ್ಕೆ ಹೋಗಿ. ವರದೆ ತುಂಗಭದ್ರೆಯನ್ನು ಸೇರುವ ಜಾಗದಲ್ಲಿ ಗಳಗೇಶ್ವರ ದೇವಸ್ಥಾನವಿದೆ. ಹೊತ್ತು ಉಳಿದರೆ ತುಂಗಭದ್ರೆಯ ದಂಡೆಯಲ್ಲೇ ಇರುವ ಚೌಡದಾನಪುರದ ಮುಕ್ತೇಶ್ವರನನ್ನೂ ನೋಡಿ ಬನ್ನಿ. ಸಂಜೆ ಮನೆಗೆ ಬಂದಾಗ ಭುಜ ಕೆಂಪಾಗಿದ್ದರೆ, ಸೊಂಟ ನೊಂದಿದ್ದರೆ ಪಟ್ಟಿಗಳನ್ನು ಹೊಂದಿಸಿ ಇನ್ನೊಮ್ಮೆ ನೋಡಿ. ಆಗಲೂ ನೋವಿದ್ದರೆ ಚೀಲ ಬದಲಿಸಿ.

ಇದೇ ಗಳಗನಾಥದಲ್ಲಿ 1869ರಲ್ಲಿ ವೆಂಕಟೇಶ ತಿರಕೊ ಕುಲಕರ್ಣಿ ಹುಟ್ಟಿದರು. ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ‘ಗಳಗನಾಥ’ರಾದ ಅವರು ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಆ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಲ್ಲಿ ಓದುವ ರುಚಿ ಹುಟ್ಟಿಸಿದ ಹೊರೆ ಅದು. ಅವರಿಗೆ ಸೊಂಟಪಟ್ಟಿ ಇರಲಿಲ್ಲ, ಮಳೆಹೊದಿಕೆ ಇರಲಿಲ್ಲ. ಏನನ್ನು ಹೊರಬೇಕು, ಏಕೆ ಹೊರಬೇಕು ಎಂಬುದು ಮಾತ್ರ ಸ್ಪಷ್ಟವಿತ್ತು. ಚೀಲ ಕೊಳ್ಳುವ ಮುನ್ನ ನಮಗೂ ಬೇಕಾದದ್ದು ಅದೇ ಸ್ಪಷ್ಟತೆ.

ಹಾಗಾಗಿ ಓದುಗರಲ್ಲಿ ನನ್ನದೊಂದೇ ವಿನಂತಿ. ಈ ಭಾನುವಾರ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಕಂಬಳಿ ಹಾಸಿ, ಸಾಮಾನು ಹರಡಿ, ಬೇಡದ್ದನ್ನು ಪಕ್ಕಕ್ಕಿಡಿ. ಉಳಿದದ್ದನ್ನು ತೂಗಿ ನೋಡಿ. ಚೀಲ ಕೊಳ್ಳುವುದು ಮುಂದಿನ ಭಾನುವಾರಕ್ಕಿರಲಿ.